ಹೆಸರಿಲ್ಲದ ಬಿಸ್ಕತ್ತು

ಇವತ್ತು ಆದ ಕೆಲಸಗಳು: ಎದ್ದ ಕೂಡಲೇ ನಲ್ಲಿ ನೀರು ಹಿಡಿದದ್ದು. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದದ್ದು. ಮಾಳಿಗೆ ಮೇಲೆ ಹಪ್ಪಳ ಒಣಹಾಕಿ ಪಾರಿವಾಳ ಓಡಿಸುತ್ತ ಕಾದದ್ದು. ಮನೆಯವರ ಅಂಗಿಗೆ ಗುಂಡಿ ಹಚ್ಚಿದ್ದು. ಗ್ಯಾಸಿನವನಿಗೆ ಮತ್ತೆ ಫೋನು ಮಾಡಿದ್ದು, ಅವನು ಮತ್ತೆ ನಾಳೆ ಎಂದದ್ದು. ಮಧ್ಯಾಹ್ನ ಪೇಪರು ಓದಿ ಸಿಟ್ಟಿಗೆದ್ದದ್ದು.

ಕೊನೆಯದನ್ನು ಕೆಲಸ ಎಂದು ಲೆಕ್ಕ ಹಿಡಿಯಬಾರದು ಎನ್ನುತ್ತಾರೆ ನಮ್ಮ ಮನೆಯವರು. ಆದರೆ ಉಳಿದ ಎಲ್ಲಕ್ಕಿಂತ ಹೆಚ್ಚು ದಣಿವಾದದ್ದು ಅದರಿಂದಲೇ. ಪೇಪರಿನಲ್ಲಿ ಒಂದು ಪುಟದ ತುಂಬ ಬಣ್ಣದ ಲೇಖನ. ಸಾಕಿದ ಹುಳಗಳೇ ನಾಳಿನ ಆಹಾರವಂತೆ. ಬಿಳಿ ಟೋಪಿ ಹಾಕಿದ ಒಬ್ಬ ಅಡುಗೆಯವನು ಹುರಿದ ಹುಳಗಳ ತಟ್ಟೆ ಹಿಡಿದು ನಗುತ್ತಿದ್ದಾನೆ. ಮಾಂಸದಷ್ಟೇ ಪ್ರೋಟೀನು, ಕಬ್ಬಿಣ, ಸತು. ಸಾಕಲು ಜಾಗ ಕಡಿಮೆ, ನೀರು ಕಡಿಮೆ. ಸುಳ್ಳು ಒಂದೂ ಇಲ್ಲ. ಆ ಪ್ರೋಟೀನು, ಕಬ್ಬಿಣ, ಸತು ಎಲ್ಲ ನನ್ನ ಕೈಯಾರೆ ಅಳೆದವಳು ನಾನು. ನನ್ನ ಸಿಟ್ಟು ಆ ಪುಟದಲ್ಲಿ ಬರೆಯದೆ ಬಿಟ್ಟದ್ದರ ಮೇಲೆ. ಈ ಊರಿನಲ್ಲಿ ಅದನ್ನು ಯಾರ ಕೈಗೆ, ಹೇಗೆ ಕೊಟ್ಟರು ಎಂಬುದರ ಮೇಲೆ.

ನಮ್ಮ ತಂಗಿಯ ಮಗಳು ವಿದ್ಯಾ ಬರುವ ತಿಂಗಳು ಆಹಾರ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರುತ್ತಾಳೆ. "ದೊಡ್ಡವ್ವಾ, ಅಲ್ಲಿ ಕೆಲಸ ಹ್ಯಾಂಗ ಇರತೈತಿ?" ಎಂದು ಫೋನಿನಲ್ಲಿ ಕೇಳಿದ್ದಳು. ಅವಳಿಗೂ ಅವಳಂಥ ಹೊಸಬರಿಗೂ ಇರಲಿ ಎಂದು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಕೊಟ್ಟರು, ಬೀಳ್ಕೊಡುವಾಗ ಯಾವ ಶಾಲು ಹೊದಿಸಿದರು ಎಂಬುದರಿಂದ ಅವರಿಗೆ ಪ್ರಯೋಜನವಿಲ್ಲ.

ನಮ್ಮ ಲ್ಯಾಬು ಈ ಊರಿನ ಕಾರ್ಖಾನೆಗಳ ಬಡಾವಣೆ ನಾಚಾರಂನಲ್ಲಿತ್ತು. ಒಂದು ಕಡೆ ಬಣ್ಣದ ಡಬ್ಬಿ ಮಾಡುವವರು, ಇನ್ನೊಂದು ಕಡೆ ರಬ್ಬರ್ ವಾಷರ್ ಮಾಡುವವರು, ನಡುವೆ ನಾವು. ನಾನು ಸೇರಿದಾಗ ಪ್ರೋಟೀನು ಅಳೆಯುವುದೆಂದರೆ ಆಸಿಡ್ಡಿನ ಜೊತೆ ಸಂಸಾರ ಮಾಡಿದಂತೆ. ಹಿಟ್ಟೋ ಬೇಳೆಯೋ ಏನೇ ಬರಲಿ, ಅದನ್ನು ಪುಡಿ ಮಾಡಿ, ತೂಗಿ, ಉದ್ದ ಕತ್ತಿನ ಗಾಜಿನ ಫ್ಲಾಸ್ಕಿಗೆ ಹಾಕಿ, ಗಂಧಕದ ಆಸಿಡ್ಡಿನಲ್ಲಿ ಕುದಿಸಬೇಕು. ಮೊದಲು ಕರ್ರಗೆ ಡಾಂಬರಿನಂತಾಗುತ್ತದೆ. ಕುದಿದು ಕುದಿದು ತಿಳಿಯಾಗುತ್ತದೆ. ಆಮೇಲೆ ಅದರಲ್ಲಿರುವ ಸಾರಜನಕವನ್ನು ಅಳೆದು ಆರೂಕಾಲರಿಂದ ಗುಣಿಸಿದರೆ ಪ್ರೋಟೀನು. ನನ್ನ ಹತ್ತಿರ ತೂತು ಬೀಳದ ಸೀರೆ ಒಂದೂ ಇರಲಿಲ್ಲ. ನಮ್ಮತ್ತೆ ಪ್ರತಿ ಯುಗಾದಿಗೂ "ಇಲಿ ಕಡದಾವೇನ?" ಎಂದು ಕೇಳುವರು. ಆಮೇಲೆ ಮಷೀನು ಬಂತು. ತೂಗಿ ಒಳಗಿಟ್ಟು ಗುಂಡಿ ಒತ್ತಿದರೆ ಮುಗಿಯಿತು. ಹೊಸಬರು ಅದರ ಮುಂದೆ ಕೂತು ಚಹಾ ಕುಡಿಯುತ್ತಾರೆ. ಕುಡಿಯಲಿ. ಆದರೆ ಮಷೀನೂ ಕೊನೆಗೆ ಆರೂಕಾಲರಿಂದಲೇ ಗುಣಿಸುತ್ತದೆ ಎಂಬುದು ನೆನಪಿರಲಿ.

ನಮ್ಮ ಮುಖ್ಯಸ್ಥರು ಮೂರ್ತಿಗಾರು. ತೆಲುಗಿನವರು, ದೊಡ್ಡ ಓದು, ಸಣ್ಣ ದನಿ. ಅವರು ಮಾಡಿದ ಒಂದು ಕಟ್ಟಳೆ ಇತ್ತು: ಲ್ಯಾಬಿನ ಒಳಗೆ ಯಾವ ಮಾದರಿಗೂ ಹೆಸರಿಲ್ಲ, ನಂಬರ್ ಮಾತ್ರ. ಅದಕ್ಕೆ ಕಾರಣವಿತ್ತು. ಹಿಂದೆ ಒಬ್ಬ ಹುಡುಗ ಬೇಗಂ ಬಜಾರಿನ ತನ್ನ ಸೋದರಮಾವನ ಅಂಗಡಿಯ ಕಡಲೆಹಿಟ್ಟು ಬಂದಾಗ ಪ್ರೀತಿ ತಡೆಯಲಾಗದೆ ಪ್ರೋಟೀನು ಏರಿಸಿ ಬರೆದಿದ್ದ. ಎಷ್ಟು ಏರಿಸಿದ್ದನೆಂದರೆ ಮೂರ್ತಿಗಾರು ರಿಪೋರ್ಟು ನೋಡಿ, "ಏಮಯ್ಯಾ, ಇದು ಕಡಲೆಯೋ ಮೇಕೆಯೋ?" ಎಂದು ಕೇಳಿದ್ದರು. ಅಂದಿನಿಂದ ಹೆಸರು ಹೋಯಿತು, ನಂಬರ್ ಬಂತು. ಇದು ಯಾರ ಸಾಮಾನು, ಯಾವ ಸಾಮಾನು ಎಂದು ಕೇಳಿದವರಿಗೆ ಬೈಗುಳ. ಒಳ್ಳೆಯ ಪದ್ಧತಿಯೇ. ವಿದ್ಯಾ, ನಿನ್ನ ಲ್ಯಾಬಿನಲ್ಲಿ ಅದು ಇಲ್ಲದಿದ್ದರೆ ಬೇಕೇ ಬೇಕು ಎಂದು ಜಗಳ ಮಾಡು. ಆದರೆ ಅದು ಇರಬೇಕಾದದ್ದು ಮೇಜಿನ ಮೇಲೆ. ಅದನ್ನು ಮೇಜಿನಿಂದ ಇಳಿಸಿ ಮನುಷ್ಯರ ನಡುವೆ ಒಯ್ದಾಗ ಏನಾಯಿತು ಎಂಬುದೇ ಈ ಕಥೆ.

ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ಗಚ್ಚಿಬೌಲಿ ಕಡೆ ಬಂಡೆ ಒಡೆದು ಒಡೆದು ಗಾಜಿನ ಕಟ್ಟಡ ನಿಲ್ಲಿಸುತ್ತಿದ್ದರು. ಊರಿನಲ್ಲಿ ದಿನಕ್ಕೊಂದು ಹೊಸ ಕಂಪನಿ. ಹಾಗೆ ಬೇಗಂಪೇಟೆಯಲ್ಲಿ ಆಫೀಸು ತೆರೆದ ಒಂದು ಕಂಪನಿಯಿಂದ ನಿಖಿಲ್ ಎಂಬ ಹುಡುಗ ನಮ್ಮಲ್ಲಿಗೆ ಬಂದ. ನನ್ನ ಮಗನ ವಯಸ್ಸು. ಚುರುಕು ಕಣ್ಣು, ಕೈಯಲ್ಲಿ ಸದಾ ಎರಡು ಫೋನು. ಊರ ಹೊರಗೆ ಶೆಡ್ಡು ಹಾಕಿ ಜೀರುಂಡೆ ಸಾಕುತ್ತಿದ್ದ. ಕತ್ತಲಾದರೆ ಗೋಡೆ ಸಂದಿಯಲ್ಲಿ ಜೀರ್ ಎನ್ನುತ್ತದಲ್ಲ, ಅದೇ ಜಾತಿ. ಮೊಟ್ಟೆ ಇಡುವ ರಟ್ಟಿನ ತಟ್ಟೆಗಳ ನಡುವೆ ಬೆಳೆಸುವುದು, ಕೊಲ್ಲುವ ಹಿಂದಿನ ದಿನ ಹೊಟ್ಟೆ ಖಾಲಿಯಾಗಲೆಂದು ಉಪವಾಸ ಕೆಡವುವುದು, ಕುದಿನೀರಿಗೆ ಅದ್ದಿ, ಒಣಗಿಸಿ, ಹುರಿದು, ಪುಡಿ ಮಾಡುವುದು. ಆ ಪುಡಿ ಬೆರೆಸಿದ ಬಿಸ್ಕತ್ತು ಅವನ ಕನಸು.

ಮೊದಲ ಸಲ ಅವನು ಪುಡಿ ತರುವ ಬದಲು ಒಂದು ಪೆಟ್ಟಿಗೆ ತುಂಬ ಜೀವಂತ ಹುಳಗಳನ್ನೇ ಕಳಿಸಿಬಿಟ್ಟ. ನಮ್ಮ ಪದ್ಧತಿಯಂತೆ ಪೆಟ್ಟಿಗೆಯ ಮೇಲೆ ನಂಬರ್ ಹಾಕಿದ್ದರು, ಏನೆಂದು ಬರೆದಿರಲಿಲ್ಲ. ನನ್ನ ಜೊತೆಗಿದ್ದ ರಜಿಯಾ, ಬೀದರದವಳು, ಕನ್ನಡ ದಖನಿ ಕಲಸಿ ಮಾತಾಡುತ್ತ ನನ್ನನ್ನು ಶಕ್ಕೂ ಬಾಜಿ, ಅಂದರೆ ಅಕ್ಕ, ಎಂದು ಕರೆಯುವವಳು, ಹಿಟ್ಟಿರಬೇಕೆಂದು ಮುಚ್ಚಳ ತೆಗೆದಳು. ಮರುಕ್ಷಣ ತಕ್ಕಡಿ ಕೋಣೆಯ ತುಂಬ ಜೀರುಂಡೆ. ನಾನು ಸ್ಟೂಲು ಹತ್ತಿದೆ. ಮೂರ್ತಿಗಾರು ಬಾಗಿಲಲ್ಲಿ ನಿಂತು ಕೋಟಿನ ತೋಳಿನಿಂದ ಒಂದನ್ನು ತೆಗೆಯುತ್ತ, "ನಂಬರ್ ಓಡಿ ಹೋಗ್ತಿದೆ, ಹಿಡೀರಿ" ಎಂದರು.

"ಶಕ್ಕೂ ಬಾಜಿ, ನಕ್ಕೋ ನಕ್ಕೋ, ಹೆದರಬ್ಯಾಡ್ರಿ," ರಜಿಯಾ ಬೋರಲು ಬಿದ್ದು ಫ್ರಿಜ್ಜಿನ ಅಡಿಯಲ್ಲಿ ಕೈ ಹಾಕಿದ್ದಳು. "ಇವೂ ನಿಮ್ಮಂಗ ಶಾಕಾಹಾರಿ. ಗಾಜರ ಗಡ್ಡಿ ತಿಂತಾವ."

"ನಾ ಗಾಜರ ತಿಂದು ಜಿಗಿತೀನೇನ?"

"ಸ್ಟೂಲ್ ಮ್ಯಾಲ ಹೆಂಗ ಹೋದ್ರಿ ಮತ್ತ? ಜಿಗದೇ ಹೋದ್ರಿ."

ಸಿಗದೆ ಉಳಿದವು ಬಹಳ ದಿನ ಫ್ರಿಜ್ಜಿನ ಹಿಂದೆ ಹಾಡುತ್ತಿದ್ದವು.

ನಾನು ಹುಟ್ಟಿನಿಂದ ಮೊಟ್ಟೆ ಮುಟ್ಟದವಳು. ಮೊದಮೊದಲು ಆ ಪುಡಿ ತೂಗುವಾಗ ಮೂಗಿಗೆ ಸೆರಗು ಒತ್ತಿ ಹಿಡಿಯುತ್ತಿದ್ದೆ. ಅಸಲಿಗೆ ಅದರ ವಾಸನೆ ಹುರಿದ ಶೇಂಗಾದ ಹಾಗೇ ಇತ್ತು. ಫಲಿತಾಂಶ ಒಂದೊಂದಾಗಿ ಬರತೊಡಗಿದಾಗ ಸೆರಗು ತಾನೇ ಕೆಳಗಿಳಿಯಿತು. ನಾವು ಜೋಳ ತಿನ್ನುವ ಮಂದಿ. ಜೋಳದ ಪ್ರೋಟೀನಿನಲ್ಲಿ ಒಂದು ಭಾಗ ಕೊರತೆ ಇರುತ್ತದೆ. ಲೈಸಿನ್ ಎನ್ನುತ್ತಾರೆ, ಮಕ್ಕಳ ಮೈ ಬೆಳೆಯಲು ಅದು ಬೇಕು. ಬೇಳೆ ತಿಂದರೆ ಆ ಕೊರತೆ ತುಂಬುತ್ತದೆ, ಬೇಳೆ ಕೊಳ್ಳುವ ಶಕ್ತಿ ಇದ್ದರೆ. ಈ ಹುಳದ ಪುಡಿಯಲ್ಲಿ ಅದು ಧಾರಾಳವಾಗಿತ್ತು. ಕಬ್ಬಿಣ, ಸತು, ಸೊಪ್ಪು ಕಾಳಿನಲ್ಲಿ ಸಿಗದ ಬಿ-ಹನ್ನೆರಡು, ಎಲ್ಲ ಇತ್ತು. ಒಂದು ಚಮಚ ಪುಡಿ ಬಡವರ ರೊಟ್ಟಿಯ ಹಿಟ್ಟಿಗೆ ಬಿದ್ದರೆ ಎಷ್ಟು ಮಕ್ಕಳ ಕೈಕಾಲು ತುಂಬಿಕೊಳ್ಳುತ್ತಿದ್ದವು ಎಂದು ಯೋಚಿಸುತ್ತ ನಾನು ಬಸ್ಸಿನಲ್ಲಿ ಇಳಿಯುವ ಸ್ಟಾಪು ಮರೆತದ್ದುಂಟು. ಹಾಗಾಗಿ ಹುಳ ಕಂಡು ಹೇಸಿ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಆ ಆಹಾರದ ಮೇಲೆ ನನಗೆ ಭರವಸೆ ಬಂದಿತ್ತು. ಸಿಟ್ಟು ಬಂದದ್ದೇ ಅದಕ್ಕೆ.

ಒಂದು ತಕರಾರಿತ್ತು. ಹುಳದ ಮೈಮೇಲಿನ ಚಿಪ್ಪಿನಲ್ಲೂ ಸಾರಜನಕ ಇರುತ್ತದೆ, ಆದರೆ ಅದು ಪ್ರೋಟೀನಲ್ಲ. ಕಣ್ಣು ಮುಚ್ಚಿ ಆರೂಕಾಲರಿಂದ ಗುಣಿಸಿದರೆ ಚಿಪ್ಪೂ ಪ್ರೋಟೀನೆಂದು ಲೆಕ್ಕಕ್ಕೆ ಸೇರುತ್ತದೆ. ಮೂರ್ತಿಗಾರು ಇದನ್ನು ರಿಪೋರ್ಟಿನ ಕೆಳಗೆ ಸ್ಪಷ್ಟವಾಗಿ ಬರೆದರು. ನಿಖಿಲ್ ಮುಖ ಸಣ್ಣದು ಮಾಡಿದ. "ಸರ್, ಎಲ್ಲರೂ ಆರೂಕಾಲರಿಂದಲೇ ಗುಣಿಸುತ್ತಾರೆ. ನಾನೊಬ್ಬನೇ ಯಾಕೆ ಕಡಿಮೆ ಹೇಳಬೇಕು?" ಅವನು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರ್ತಿಗಾರು ಬಗ್ಗಲಿಲ್ಲ. ಆ ದಿನ ಅವರ ಮೇಲೆ ನನಗೆ ಇದ್ದ ಗೌರವ ದುಪ್ಪಟ್ಟಾಯಿತು. ಮುಂದಿನ ಮೀಟಿಂಗಿನಲ್ಲಿ ಅದು ಅಲ್ಲಾಡಿತು.

ಆ ಮೀಟಿಂಗು ಬಿಸ್ಕತ್ತಿನ ಹೊದಿಕೆಯ ಬಗ್ಗೆ. ಸಾಫ್ಟ್‌ವೇರ್ ಆಫೀಸುಗಳ ಕ್ಯಾಂಟೀನಿಗೆ ಹೋಗುವುದಕ್ಕೆ ಮಿರಿಮಿರಿ ಹೊದಿಕೆ. ಮುಂದೆ ಹೆಮ್ಮೆಯಿಂದ ಹುಳದ ಚಿತ್ರ. ಹಿಂದೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆ: ಸೀಗಡಿ, ಏಡಿ ಒಗ್ಗದವರು ಇದನ್ನು ತಿನ್ನಬಾರದು. ಯಾಕೆಂದರೆ ಸೀಗಡಿ, ಜೀರುಂಡೆ ಎರಡೂ ಒಂದೇ ದೊಡ್ಡ ಬಳಗ. ಒಂದು ಒಗ್ಗದವರಿಗೆ ಇನ್ನೊಂದರಿಂದಲೂ ಮೈ ಬಾತು ಉಸಿರು ಕಟ್ಟಬಹುದು. ಇದನ್ನು ನಿಖಿಲ್‌ಗೆ ನಾವು ಹೇಳಿಕೊಡಬೇಕಾಗಿರಲಿಲ್ಲ. ಅವನೇ ಓದಿ ತಿಳಿದಿದ್ದ, ಅವನೇ ಬರೆಸಿದ್ದ. "ಆಫೀಸಿನವರಿಗೆ ಏನಾದರೂ ಆದರೆ ಕೋರ್ಟಿಗೆ ಹೋಗುತ್ತಾರೆ," ಎಂದ.

ಆಮೇಲೆ ಎರಡನೇ ಹೊದಿಕೆ ತೆಗೆದ. ಬರೀ ಬಿಳಿ ಕಾಗದ, ಅದರ ಮೇಲೆ ಕೆ-7. ಕಟ್ಟಡದ ಕೆಲಸ ನಡೆಯುವಲ್ಲಿ ಕೂಲಿಯವರ ಮಕ್ಕಳಿಗೆ ಒಂದು ಬಾಲವಾಡಿ ಇದೆ, ಅಲ್ಲಿ ಕೆಲವು ವಾರ ದಿನಾ ಈ ಬಿಸ್ಕತ್ತು ತಿನ್ನಿಸಿ ತೂಕ ಎಷ್ಟು ಏರುತ್ತದೆ ನೋಡೋಣ ಎಂದ. ಬಿಸ್ಕತ್ತು ಎರಡಕ್ಕೂ ಒಂದೇ. ಸರ್ಕಾರದ ಪರವಾನಗಿ ಇನ್ನೂ ಬಂದಿರಲಿಲ್ಲ; ಅದಕ್ಕೆ ಇದನ್ನು ಪ್ರಯೋಗ ಎಂದು ಕರೆದರು.

"ತಾಯಂದಿರಿಗೆ ಏನಂತ ಹೇಳೋದು?" ಎಂದು ಕೇಳಿದೆ.

"ಕೆ-7, ಶಕ್ತಿಯ ಬಿಸ್ಕತ್ತು."

"ಹುಳದ್ದು ಅಂತ?"

ಮೂರ್ತಿಗಾರು ನಡುವೆ ಬಂದರು. "ಅಮ್ಮಾ, ಹೇಳಿದರೆ ಅವರ ಮನಸ್ಸು ಕೆಡುತ್ತೆ. ಕೆಲವರು ತಿನ್ನಿಸಲ್ಲ, ಕೆಲವರು ಬಿಸಾಡ್ತಾರೆ. ಫಲಿತಾಂಶ ಹಾಳು. ನಂಬರ್ ಇಟ್ಟಿರೋದು ಅದಕ್ಕೇ ಅಲ್ವಾ?"

"ಸೀಗಡಿ ಆಗದಿರೋ ಮಕ್ಕಳಿದ್ರೆ ಸರ್?"

ನಿಖಿಲ್ ನಕ್ಕ. "ಮೇಡಂ, ಕೂಲಿಯವರ ಮಕ್ಕಳು ಸೀಗಡಿ ಎಲ್ಲಿ ಕಂಡಿರುತ್ತವೆ? ಜೊತೆಗೆ ಡಾಕ್ಟರ್ ಇರುತ್ತಾರೆ, ಬಿಡಿ."

ಸೀಗಡಿ ಎಂದರೆ ಅವನಿಗೆ ಹೋಟೆಲಿನ ತಟ್ಟೆಯಲ್ಲಿ ನಿಂಬೆಹೋಳಿನ ಪಕ್ಕ ಕೂತದ್ದು. ಗೋಣಿಚೀಲದ ಮೇಲೆ ಗುಡ್ಡೆ ಹಾಕಿ ಮಾರುವ ಒಣ ಸೀಗಡಿ, ಹಿಡಿಯಷ್ಟು ತಂದರೆ ನಾಲ್ಕು ದಿನದ ಚಟ್ನಿಯಾಗುವುದು, ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಕೇಳದೆ ನಗುವುದಕ್ಕೆ ಏನು ಹೇಳೋಣ?

ನನ್ನನ್ನೇ ಕಳಿಸಿದರು. ಅಲ್ಲಿಯ ಕೂಲಿಗಳೆಲ್ಲ ಯಾದಗಿರಿ, ಸೇಡಂ ಕಡೆಯವರು, ನಿಮ್ಮ ಭಾಷೆ, ನಿಮ್ಮ ಮಾತು ಕೇಳುತ್ತಾರೆ ಎಂದರು. ಗಚ್ಚಿಬೌಲಿಯ ಆಚೆ ಒಂದು ದೊಡ್ಡ ಗುಂಡಿ, ಗುಂಡಿಯ ಅಂಚಿಗೆ ತಗಡಿನ ಶೆಡ್ಡು, ಅದೇ ಬಾಲವಾಡಿ. ನೆಲಕ್ಕೆ ಸಿಮೆಂಟಿನ ಚೀಲ ಬಿಚ್ಚಿ ಹಾಸಿದ್ದರು. ಊಟದ ಬಿಡುವಿನಲ್ಲಿ ತಾಯಂದಿರು ತಲೆಗೆ ಸುತ್ತಿದ ಟವಲು ಬಿಚ್ಚಿ ಮುಖದ ಧೂಳು ಒರೆಸಿಕೊಳ್ಳುತ್ತ ಬಂದು ಕೂತರು. ನಿಖಿಲ್ ಕಾರಿನಿಂದ ಡಬ್ಬಿ ಇಳಿಸಿ, ಮಕ್ಕಳ ಸಾಲಿನಲ್ಲಿ ತಾನೇ ಬಗ್ಗಿ ಬಗ್ಗಿ ಒಂದೊಂದು ಬಿಸ್ಕತ್ತು ಕೈಗಿಡುತ್ತ ಹೋದ. ಡಾಕ್ಟರ್ ಎಲ್ಲಿ ಎಂದೆ. ಬರುತ್ತಾರೆ ಎಂದ.

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಮಲ್ಲಮ್ಮ, ಯಾದಗಿರಿ ಕಡೆಯ ಹಳ್ಳಿಯವಳು. ತೆಳ್ಳಗೆ, ನಗುವ ಬಾಯಿ.

"ಅಕ್ಕೋರ, ಇದರ ಹೆಸರೇನ್ರಿ?"

"ಕೆ-ಏಳು," ಎಂದೆ. ಅಂದದ್ದು ನನ್ನ ಬಾಯಿಗೇ ಸೇರಲಿಲ್ಲ.

"ಲಾರಿ ನಂಬರ್ ಇದ್ದಂಗೈತಲ್ರಿ! ತಿನ್ನೂದಕ್ಕ ಹೆಸರಿರಂಗಿಲ್ಲೇನು? ನಾ ಹೊರೂ ಸಿಮೆಂಟಿಗಿ ಸೈತ ಹೆಸರೈತಿ."

ಹೆಂಗಸರೆಲ್ಲ ನಕ್ಕರು. ಮಲ್ಲಮ್ಮ ನಗಲಿಲ್ಲ. "ನಗ್ಯಾಡಾಕತ್ತಿಲ್ರಿ ನಾ. ನನ್ನ ಮಗಳಿಗಿ ಎಲ್ಲಾ ಆಗಂಗಿಲ್ಲ. ಹ್ವಾದ ವರ್ಷ ಒಣ ಜಿಂಗಾದ ಚಟ್ನಿ ಜರಾ ನಾಲಿಗಿಗಿ ಹಚ್ಚಿದ್ದಕ್ಕ ಮಾರಿ ಕುಂಬಳಕಾಯಿ ಆಗಿತ್ತು, ಉಸರಾ ಸಿಗಲಿಲ್ಲ. ಸರ್ಕಾರಿ ದವಾಖಾನಿಗಿ ಎತಗೊಂಡು ಓಡೀನಿ. ಅದಕ್ಕ ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಇದರಾಗ ಏನೈತಿ?"

ಜಿಂಗಾ ಎಂದರೆ ಸೀಗಡಿ.

"ಯಾರು ನಿನ್ನ ಮಗಳು?"

ಅವಳು ಕೈ ತೋರಿಸಿದ ಕಡೆ ನೋಡಿದೆ. ಬೋಳು ತಲೆಯ ಒಂದು ಪುಟ್ಟ ಹುಡುಗಿ, ಅಂಬು, ಬಿಸ್ಕತ್ತನ್ನು ಎರಡೂ ಕೈಯಲ್ಲಿ ಹಿಡಿದು, ಬೇಗ ಮುಗಿಯಬಾರದೆಂದು ಅಂಚನ್ನು ನೆಕ್ಕುತ್ತಿದ್ದಳು.

ಮಕ್ಕಳನ್ನು ದಾಟಿಕೊಂಡು ಹೇಗೆ ಹೋದೆನೋ ಗೊತ್ತಿಲ್ಲ. ಕಿತ್ತುಕೊಂಡೆ. ಸೆರಗಿನಿಂದ ಅದರ ಬಾಯಿ ಒರೆಸಿದೆ, ನೀರು ಮುಕ್ಕಳಿಸಿ ಉಗುಳಿಸಿದೆ. ಮಗು ಶೆಡ್ಡು ಹಾರುವಂತೆ ಅತ್ತಿತು.

"ಇದರಾಗ ಹುಳ ಐತಿ ತಂಗಿ," ಎಂದೆ ಮಲ್ಲಮ್ಮನಿಗೆ. "ಜೀರುಂಡೆ ಹುಳ ಸಾಕಿ, ಹುರದು, ಪುಡಿ ಮಾಡಿ ಹಾಕ್ಯಾರ. ಬಾಕಿ ಮಂದಿಗಿ ಚಲೋ ತಿನಿಸು. ಜಿಂಗಾ ಆಗದವರಿಗಿ ಇದೂ ಆಗಂಗಿಲ್ಲ."

ನಿಖಿಲ್‌ಗೆ ಕನ್ನಡ ಬಾರದಿದ್ದರೂ ಏನೋ ಆಗಬಾರದ್ದು ಆಯಿತೆಂದು ತಿಳಿಯಿತು. "ಏನು ಹೇಳಿದಿರಿ ಅವರಿಗೆ?" ಎಂದ.

ನಾನು ಉತ್ತರಿಸುವ ಮೊದಲೇ ಹಿಂದಿನಿಂದ ಒಬ್ಬ ಮುದುಕಿ, ಅಲ್ಲಿಯ ಮಕ್ಕಳಿಗೆ ಉಣ್ಣಿಸುವವಳು, ಬಾಯಿಗೆ ಸೆರಗು ಹಚ್ಚಿ ಕಿಸಕ್ಕನೆ ನಕ್ಕಳು. "ಹುಳಾನ? ಇಷ್ಟಕ್ಕ ಇಷ್ಟು ಮುಚ್ಚುಮರಿ? ನಮ್ಮೂರಾಗ ಮದಲನೇ ಮಳಿ ಬಿತ್ತಂದ್ರ ಹುತ್ತದಾಗಿಂದ ರೆಕ್ಕಿ ಹುಳ ಏಳತಾವ. ದೀಪ ಇಟ್ಟು ಹಿಡದು, ಹುರದು, ಜ್ವಾಳದ ಅಳ್ಳಿನಾಗ ಹಾಕ್ಕೊಂಡು ತಿಂತಿದ್ವಿ. ಏನ ರುಚಿ ಅಂತಿ!" ಇನ್ನೊಬ್ಬಳು ತನ್ನ ಮಗನ ಕೈಯಿಂದ ಬಿಸ್ಕತ್ತು ತೆಗೆದು ಮುರಿದು ಬಾಯಿಗೆ ಹಾಕಿಕೊಂಡಳು. "ಶೇಂಗಾ ಹಿಂಡಿ ಇದ್ದಂಗೈತಿ. ಉಪ್ಪು ಕಡಿಮಿ," ಎಂದು ತೀರ್ಪು ಕೊಟ್ಟು ಉಳಿದದ್ದನ್ನು ಮಗನಿಗೇ ಕೊಟ್ಟಳು.

ಯಾರಿಗೆ ಹೇಳಿದರೆ ಹೇಸಿ ಬಿಸಾಡುತ್ತಾರೆಂದು ಇಷ್ಟು ದೊಡ್ಡ ಓದಿದವರು ಎರಡು ಬಣ್ಣದ ಹೊದಿಕೆ ಮಾಡಿದ್ದರೋ ಅವರು ಉಪ್ಪು ಕಡಿಮೆ ಎಂದರು. ಅಷ್ಟೇ.

ಮಲ್ಲಮ್ಮ ಮಾತ್ರ ಎದ್ದು ನಿಖಿಲ್‌ನ ಎದುರು ನಿಂತಳು, ಅಂಬು ಕಂಕುಳಲ್ಲಿ. "ಅಕ್ಕೋರ, ಸಾಹೇಬ್ರಿಗಿ ಕೇಳ್ರಿ. ಇವರ ಮನ್ಯಾಗ ಹುಡುಗ್ರಿಗಿ ಹಿಂಗೇ ಕೊಡ್ತಾರೇನು, ನಂಬರ್ ಹಚ್ಚಿ? ಹುಳ ಕೊಟ್ಟಿದ್ದಕ್ಕ ಸಿಟ್ಟಿಲ್ಲ ನನಗ. ನಾ ತಾಯಿ ಇಲ್ಲೇ ಕುಂತಿದ್ನಲ್ಲ. ಒಂದ್ ಮಾತು ಕೇಳಿದ್ರ ಏನ್ ಸವೀತಿತ್ತು ಇವರ ಗಂಟಲಾ?"

ಇದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ನನ್ನ ಇಂಗ್ಲಿಷು ಸಾಧಾರಣ. ಆ ದಿನ ಸರಾಗವಾಗಿ ಬಂತು. ಹೇಳಿ ಕೇಳಿಯೇ ಮಾಡೋಣ, ಸೀಗಡಿ ಒಗ್ಗದವರನ್ನು ಬಿಟ್ಟು ಉಳಿದವರು ಒಪ್ಪಿದ್ದಾರೆ, ತಿನ್ನಿಸಿರಿ ಎಂದೂ ಹೇಳಿದೆ. ಅವನು ಹೊರಗೆ ಹೋಗಿ ಯಾರೊಂದಿಗೋ ಫೋನಿನಲ್ಲಿ ಮಾತಾಡಿ ಬಂದ. ಡಬ್ಬಿಗಳನ್ನು ಕಾರಿಗೆ ಹಾಕಿಸತೊಡಗಿದ.

"ಈಗ ಇವರಿಗೆ ಗೊತ್ತಾಗಿದೆ ಮೇಡಂ. ಈ ಜಾಗ ಪ್ರಯೋಗಕ್ಕೆ ಕೆಟ್ಟಿತು. ಬೇರೆ ಸೈಟು ನೋಡುತ್ತೇನೆ."

ಕೆಟ್ಟಿತು! ನಮ್ಮ ಲ್ಯಾಬಿನಲ್ಲಿ ಮುಚ್ಚಳ ತೆಗೆದಿಟ್ಟ ಪುಡಿಗೆ ಆ ಮಾತು ಬಳಸುತ್ತೇವೆ.

"ಕಾರು ಇರಲಿ," ಎಂದೆ. "ಮಗು ನೆಕ್ಕಿದೆ. ಬಾವು ಬಂದರೆ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಬೇರೆ ಗಾಡಿ ಇಲ್ಲ."

"ನೆಕ್ಕಿದ್ದಕ್ಕೆ ಏನೂ ಆಗಲ್ಲ. ಬೇಗಂಪೇಟೆಯಲ್ಲಿ ನನಗೆ ಮೀಟಿಂಗ್ ಇದೆ."

ಕಾರು ಹೋಯಿತು. ಅವನು ಕೆಟ್ಟವನಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ, ಹುಡುಗು ಬುದ್ಧಿ ಎನ್ನುತ್ತಾರೆ. ನನಗೆ ಆ ಸಮಾಧಾನ ಬೇಡ. ಕ್ಯಾಂಟೀನಿನ ಬಿಸ್ಕತ್ತಿಗೆ ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಬರೆಸಿದ ಬುದ್ಧಿ ಅದೇ ಅಲ್ಲವೇ?

ಮೂರ್ತಿಗಾರಿಗೆ ಫೋನು ಮಾಡಿದೆ. ಆದದ್ದು ಹೇಳಿ ಲ್ಯಾಬಿನ ವ್ಯಾನು ಕಳಿಸಿ ಎಂದೆ. "ಅಮ್ಮಾ, ನಂಬರಿನ ಪದ್ಧತಿ ನೀನೇ ಹೊಸಬರಿಗೆ ಕಲಿಸೋಳು," ಎಂದರು.

"ಹೌದು ಸರ್. ಫ್ಲಾಸ್ಕಿಗೆ ತಾಯಿ ಇರಲ್ಲ. ಇದರಲ್ಲಿ ಏನಿದೆ ಅಂತ ಅದು ಕೇಳಲ್ಲ."

ಫೋನು ಇಟ್ಟುಬಿಟ್ಟರು. ವ್ಯಾನು ಬರುತ್ತದೋ ಇಲ್ಲವೋ ತಿಳಿಯಲಿಲ್ಲ.

ಮಲ್ಲಮ್ಮ ಅಂಬುವನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ತುಟಿ ನೋಡುತ್ತ ಕೂತಳು. ಕೆಳತುಟಿಯ ಒಂದು ಕಡೆ ಕೆಂಪಾಗಿತ್ತು. ಅತ್ತದ್ದಕ್ಕೋ, ನಾನು ಒರೆಸಿದ್ದಕ್ಕೋ, ಬಿಸ್ಕತ್ತಿಗೋ ಯಾರಿಗೆ ಗೊತ್ತು? ಬಿಡುವು ಮುಗಿಯಿತು, ಮೇಸ್ತ್ರಿ ಬಂದು ಕೂಗಿದ. ಅವಳು ಕದಲಲಿಲ್ಲ. "ಅರ್ಧ ದಿನದ ಪಗಾರ ಹ್ವಾದ್ರ ಹೋಗ್ಲಿ, ನೀ ಹೋಗೋ ಅಣ್ಣ," ಎಂದಳು. ನಾನು ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಅಂಗಾಲಿನವರೆಗೆ ಎಲ್ಲಾದರೂ ದದ್ದು ಎದ್ದಿದೆಯೇ ಎಂದು ಲಂಗ ಸರಿಸಿ ಸರಿಸಿ ನೋಡಿದೆವು. ಅಂಬು ಮಾತ್ರ ಬಿಸ್ಕತ್ತು ಕೊಡು ಎಂದು ನನ್ನನ್ನೇ ದುರುಗುಟ್ಟುತ್ತಿದ್ದಳು.

ವ್ಯಾನು ಬಂತು. ಡ್ರೈವರಿನ ಪಕ್ಕ ಮೂರ್ತಿಗಾರೇ ಕೂತಿದ್ದರು. ಬರುವ ದಾರಿಯಲ್ಲಿ ಒಬ್ಬ ಡಾಕ್ಟರಮ್ಮನನ್ನು ಕರೆದುಕೊಂಡು ಬಂದಿದ್ದರು. ಅವರು ಬಾಯಿ, ಗಂಟಲು ನೋಡಿ, ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಆದರೂ ಸಂಜೆವರೆಗೆ ಒಬ್ಬರು ಪಕ್ಕದಲ್ಲೇ ಇರಬೇಕು, ವ್ಯಾನೂ ಇರಲಿ ಎಂದರು. ಮೂರ್ತಿಗಾರು ಬೂಟು ಬಿಚ್ಚಿ ಸಿಮೆಂಟಿನ ಚೀಲದ ಮೇಲೆ ಕೂತರು.

"ಕ್ಷಮಿಸಮ್ಮಾ," ಎಂದರು ಮಲ್ಲಮ್ಮನಿಗೆ, ತೆಲುಗಿನಲ್ಲಿ. ಅವಳಿಗೆ ಅಷ್ಟು ತೆಲುಗು ಬರುತ್ತಿತ್ತು. ಮಗಳ ತುಟಿಯ ಮೇಲೇ ಕಣ್ಣಿಟ್ಟಿದ್ದಳು.

ನನ್ನ ಕಡೆ ತಿರುಗಿ, "ಆ ಕಂಪನಿಗೆ ಹೇಳಿದ್ದೇನೆ, ಹೆಸರು ಹೇಳದೆ ತಿನ್ನಿಸೋ ಕೆಲಸಕ್ಕೆ ನಮ್ಮ ಲ್ಯಾಬು ಇಲ್ಲ ಅಂತ. ಅವರು ಇನ್ನು ನಮ್ಮಲ್ಲಿಗೆ ಬರಲ್ಲ," ಎಂದರು.

"ಬೇರೆ ಲ್ಯಾಬಿಗೆ ಹೋಗ್ತಾರೆ ಸರ್. ಇವರ ಮಾತು ತಿಳಿಯೋರು ಯಾರೂ ಇಲ್ಲದ ಸೈಟಿಗೆ."

"ಹೋಗ್ತಾರೆ," ಎಂದರು.

ಅದನ್ನು ತಡೆಯಲು ನಮ್ಮಿಬ್ಬರಿಗೂ ಆಗಲಿಲ್ಲ. ಎಲ್ಲಿ ಹೋದರು, ಯಾರ ಮಕ್ಕಳಿಗೆ ತಿನ್ನಿಸಿದರು, ನನಗೆ ಇವತ್ತಿಗೂ ಗೊತ್ತಿಲ್ಲ. ಒಪ್ಪಿ ಕೂತಿದ್ದ ತಾಯಂದಿರ ಮಕ್ಕಳಿಗೆ ಮಾತ್ರ ಮಾರನೇ ದಿನದಿಂದ ಆ ಬಿಸ್ಕತ್ತು ಇಲ್ಲವಾಯಿತು. ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೆ, ಅವರು ಕೇಳಿದ್ದೇ ತಪ್ಪೆಂಬಂತೆ. ವಿದ್ಯಾ, ಒಳ್ಳೆಯ ಆಹಾರ ಬರೀ ಕೆಟ್ಟ ಅಡುಗೆಯಿಂದಲ್ಲ, ಕೊಡುವ ಕೈಯಿಂದಲೂ ಹಾಳಾಗುತ್ತದೆ.

ಅಷ್ಟರಲ್ಲಿ ಮುದುಕಿ ಮಕ್ಕಳಿಗೆ ತಟ್ಟೆ ಹಾಕಿದಳು. ಅನ್ನ, ಅದರ ಮೇಲೆ ಬೇಳೆಯ ಬಣ್ಣ ಮಾತ್ರ ಇದ್ದ ನೀರು. ಮಕ್ಕಳು ಕಲಸಿ ಸುರಿದುಕೊಂಡವು. ಮೂರ್ತಿಗಾರು ಆ ಸ್ಟೀಲಿನ ಬಕೆಟ್ಟಿನೊಳಗೆ ಇಣುಕಿ ನೋಡಿ ಮುಖ ಆಚೆ ತಿರುಗಿಸಿದರು. ಅಂಬು ಅದನ್ನು ಒಲ್ಲೆನೆಂದಳು. ನಾನು ನನ್ನ ಬುತ್ತಿ ಬಿಚ್ಚಿದೆ: ರೊಟ್ಟಿ, ಮೊಸರು, ಪುಂಡಿಪಲ್ಯ.

"ಪಲ್ಯದಾಗ ಏನೇನೈತ್ರಿ ಅಕ್ಕೋರ?" ಮಲ್ಲಮ್ಮ ಕೇಳಿದಳು. ಅವಳಿಗೆ ಗೊತ್ತಿಲ್ಲದ ಪಲ್ಯವೇ ಅದು? ಆದರೂ ಕೇಳಿದಳು.

"ಪುಂಡಿಸೊಪ್ಪು, ಜ್ವಾಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣಿ, ಉಪ್ಪು," ಎಂದೆ. "ಮತ್ತೇನಿಲ್ಲ."

ಅವಳು ರೊಟ್ಟಿ ಮುರಿದು, ಮೊಸರಿನಲ್ಲಿ ನೆನೆಸಿ, ಕಡಲೆಯಷ್ಟು ಪಲ್ಯ ಹಚ್ಚಿ ಮಗಳ ಬಾಯಿಗಿಟ್ಟಳು. ನುಂಗುವವರೆಗೆ ಕಾದು ಇನ್ನೊಂದು ತುತ್ತು ಇಟ್ಟಳು. ರೊಟ್ಟಿ ಮುಗಿಯುವ ಹೊತ್ತಿಗೆ ತುಟಿಯ ಕೆಂಪು ಇಳಿದಿತ್ತು. ಉಳಿದ ಮಕ್ಕಳು ಇನ್ನೂ ತಟ್ಟೆ ನೆಕ್ಕುತ್ತ ಗದ್ದಲ ಹಾಕುತ್ತಿದ್ದವು. ಎಲ್ಲರಿಗಿಂತ ಮೊದಲು ಅಂಬು ಮಲಗಿದಳು. ಮಲ್ಲಮ್ಮ ಮಗಳ ಮೂಗಿನ ಕೆಳಗೆ ಬೆರಳು ಹಿಡಿದು ಹಾಗೆಯೇ ಕೂತಿದ್ದಳು.